ಹಡಗಿನ ಕೊನೆಯ ಹಗಲು

ವಿಹಾರನೌಕೆಯ ಪ್ರವಾಸದಲ್ಲಿ ಕೊನೆಯ ಪೂರ್ಣ ದಿನಕ್ಕೆ ವಿಚಿತ್ರವಾದೊಂದು ಗುಣವಿದೆ. ಅಂದು ನೋಡಬೇಕಾದ ಊರಿಲ್ಲ, ಇಳಿಯಬೇಕಾದ ದಡವಿಲ್ಲ. ಮಗನ ಒತ್ತಾಯಕ್ಕೆ ಮಣಿದು ನಾವು ಕೈಗೊಂಡ ಏಳು ರಾತ್ರಿಗಳ ಕೆರಿಬಿಯನ್ ಯಾನ ಅಮೆರಿಕದ ಮಯಾಮಿಯಿಂದ ಹೊರಟು ಜಮೈಕಾ, ಗ್ರ್ಯಾಂಡ್ ಕೇಮನ್, ಮೆಕ್ಸಿಕೋದ ಕೊಜುಮೆಲ್ ದ್ವೀಪಗಳನ್ನು ಮುಟ್ಟಿ, ಏಳನೆಯ ಹಗಲನ್ನು ಪೂರ್ತಿ ನೀರಿನ ಮೇಲೆಯೇ ಕಳೆಯಿತು. ಬಲಕ್ಕೆ, ಕಣ್ಣಿಗೆ ಎಟುಕದಷ್ಟು ದೂರದಲ್ಲಿ ಕ್ಯೂಬಾ. 2016ರಲ್ಲಿ ಅಮೆರಿಕದ ವಿಹಾರನೌಕೆಗಳಿಗೆ ಹವಾನಾ ತೆರೆದುಕೊಂಡಿತ್ತು. 2019ರ ಜೂನ್‌ನಲ್ಲಿ ಅಮೆರಿಕ ಸರ್ಕಾರವೇ ಆ ಬಾಗಿಲನ್ನು ಮತ್ತೆ ಮುಚ್ಚಿತು. ಹಾಗಾಗಿ ಆ ನಾಡು ನಮಗೆ ಟಿ.ವಿ. ಪರದೆಯ ಭೂಪಟದಲ್ಲಿ ಕಂಡ ಉದ್ದನೆಯ ಪಟ್ಟಿಯಷ್ಟೇ.

ಅಂದು ಹಡಗಿನ ತುಂಬ ಬೀಗರೂಟ ಮುಗಿದ ಮನೆಯ ಕಳೆ. ಅಂಗಡಿಗಳಲ್ಲಿ ರಿಯಾಯಿತಿ ಮಾರಾಟ, ಈಜುಕೊಳದ ಬದಿಯ ಕುರ್ಚಿಗಳಿಗಾಗಿ ಸಣ್ಣ ಜಗಳ. ಮಧ್ಯಾಹ್ನದ ಹೊತ್ತಿಗೆ ಕೋಣೆಗೆ ಲಗೇಜಿಗೆ ಕಟ್ಟುವ ಬಣ್ಣದ ಚೀಟಿಗಳೂ ವಾರದ ಲೆಕ್ಕದ ಬಿಲ್ಲೂ ಬಂದವು. ತಲೆಗಿಷ್ಟು, ದಿನಕ್ಕಿಷ್ಟು ಎಂದು ಟಿಪ್ಸ್ ಕೂಡ ಅದರಲ್ಲಿ ಸೇರಿತ್ತು. ಅದನ್ನು ಬಿಲ್ಲಿನಿಂದ ತೆಗೆಸಲು ಕೌಂಟರಿನ ಮುಂದೆ ಸರತಿಯಲ್ಲಿ ನಿಂತವರನ್ನೂ ಕಂಡೆ. ವಾರವಿಡೀ ಹಡಗನ್ನು ಹೊಗಳಿದವರೂ ಅವರಲ್ಲಿದ್ದರು!

ನಮ್ಮ ಕೋಣೆಯನ್ನು ನೋಡಿಕೊಳ್ಳುತ್ತಿದ್ದವನು ಕುಂದಾಪುರದ ಕಡೆಯ ಹುಡುಗ. ಮೊದಲ ದಿನವೇ ಪಟ್ಟಿಯಲ್ಲಿ ಹೆಸರು ನೋಡಿ, ‘ಸರ್, ನೀವು ಕನ್ನಡದವರಾ?’ ಎಂದಿದ್ದ. ನನ್ನ ಹೆಂಡತಿಯನ್ನು ‘ಅಮ್ಮ’ ಎನ್ನುತ್ತಿದ್ದ. ಅವಳು ಬೆಂಗಳೂರಿನಿಂದ ತಂದಿದ್ದ ಕೋಡುಬಳೆಯ ಪೊಟ್ಟಣ ಎರಡನೆಯ ದಿನವೇ ಅವನ ಪಾಲಾಗಿತ್ತು. ಕೊನೆಯ ದಿನ ಮಾತ್ರ ಅವನಿಗೆ ಮಾತಾಡಲು ಬಿಡುವಿರಲಿಲ್ಲ. ‘ನಾಳೆ ನೀವು ಇಳಿದ ಮೇಲೆ ಮಧ್ಯಾಹ್ನದೊಳಗೆ ಎಲ್ಲ ಕೋಣೆ ರೆಡಿ ಆಗಬೇಕು ಸರ್. ಸಂಜೆಗೆ ಮತ್ತೆ ಹೊರಡುತ್ತೇವೆ’ ಎಂದ. ಅವನ ಗುತ್ತಿಗೆ ಮುಗಿಯಲು ಇನ್ನೂ ಐದು ತಿಂಗಳಿದ್ದವು. ಅಂದರೆ ಇಂಥ ಕೊನೆಯ ದಿನಗಳು ಇನ್ನೂ ಇಪ್ಪತ್ತಕ್ಕೂ ಹೆಚ್ಚು.

2024ರಲ್ಲಿ ಮಯಾಮಿಯಿಂದ ಯಾನ ಆರಂಭಿಸಿದ ‘ಐಕಾನ್ ಆಫ್ ದಿ ಸೀಸ್’ ಹಡಗಿನಲ್ಲಿ ಗರಿಷ್ಠ ಸುಮಾರು 7,600 ಪ್ರಯಾಣಿಕರಿಗೆ ಸ್ಥಳವಿದೆ. ಸಿಬ್ಬಂದಿ ಸುಮಾರು 2,350. ಅಷ್ಟು ಜನ ಇಳಿದು ಅಷ್ಟೇ ಜನ ಹತ್ತುವುದು ಒಂದೇ ಹಗಲಿನಲ್ಲಿ. ಈ ದುಡಿಮೆಗೆ ಕಾನೂನಿಲ್ಲವೆಂದಲ್ಲ. 2006ರ ಸಾಗರ ಕಾರ್ಮಿಕ ಒಪ್ಪಂದ 2013ರಲ್ಲಿ ಜಾರಿಗೆ ಬಂತು. ಭಾರತ 2015ರಲ್ಲಿ ಅದನ್ನು ಅನುಮೋದಿಸಿತು. ಅದು ದೇಶಗಳ ಮುಂದೆ ಎರಡು ಅಳತೆಗೋಲುಗಳನ್ನು ಇಟ್ಟಿದೆ: ದುಡಿಮೆ ವಾರಕ್ಕೆ 72 ಗಂಟೆ ಮೀರಬಾರದು, ಇಲ್ಲವೇ ವಿಶ್ರಾಂತಿ ವಾರಕ್ಕೆ 77 ಗಂಟೆಗಿಂತ ಕಡಿಮೆಯಾಗಬಾರದು. ವಾರದ 168 ಗಂಟೆಗಳಲ್ಲಿ 77ನ್ನು ಕಳೆದರೆ ಉಳಿಯುವುದು 91. ಯಾವ ಅಳತೆಗೋಲು ಎಂಬುದನ್ನು ನಿರ್ಧರಿಸುವುದು ಹಡಗು ನೋಂದಣಿಯಾದ ದೇಶ. ಮಯಾಮಿಯಲ್ಲಿ ತುಂಬಿಕೊಳ್ಳುವ ಬೃಹತ್ ಹಡಗುಗಳ ಹಿಂಬದಿಯಲ್ಲಿ ಹಾರಾಡುವುದು ಬಹುಪಾಲು ಬಹಾಮಾಸ್ ಅಥವಾ ಪನಾಮಾದ ಬಾವುಟ.

ಕೊನೆಯ ದಿನ ಮುಗಿಯದೇ ಹೋದ ಹಡಗೂ ಒಂದಿತ್ತು. 2020ರ ಫೆಬ್ರುವರಿಯಲ್ಲಿ ಪ್ರವಾಸ ಮುಗಿಸಿ ಜಪಾನಿನ ಯೊಕೊಹಾಮಾಕ್ಕೆ ಮರಳಿದ ‘ಡೈಮಂಡ್ ಪ್ರಿನ್ಸೆಸ್’ ಹಡಗಿನಲ್ಲಿ ಕೊರೊನಾ ಸೋಂಕು ಕಂಡಾಗ ಅದರಲ್ಲಿದ್ದವರು 3,711 ಮಂದಿ. ಪ್ರಯಾಣಿಕರಿಗೆ ಕೋಣೆಯಿಂದ ಹೊರಬರಬೇಡಿ ಎಂದರು. ಆ ಕೋಣೆಗಳ ಬಾಗಿಲಿಗೆ ಊಟ ತಲುಪಿಸಬೇಕಾದವರು ಯಾರು? ಸಿಬ್ಬಂದಿಯೇ. ಅಲ್ಲಿದ್ದ 138 ಭಾರತೀಯರಲ್ಲಿ 132 ಮಂದಿ ಸಿಬ್ಬಂದಿ ವರ್ಗದವರು. ಮಾರ್ಚ್‌ನಲ್ಲಿ ಅಮೆರಿಕ ವಿಹಾರನೌಕೆಗಳ ಸಂಚಾರವನ್ನೇ ತಡೆಯಿತು. ಪ್ರಯಾಣಿಕರು ಹೇಗೋ ಮನೆ ಸೇರಿದರು; ಸಿಬ್ಬಂದಿಯಲ್ಲಿ ಸಾವಿರಾರು ಮಂದಿ ತಿಂಗಳುಗಟ್ಟಲೆ ಹಡಗುಗಳಲ್ಲೇ ಉಳಿದರು. ನಮ್ಮ ಹುಡುಗನ ಚಿಕ್ಕಪ್ಪನೂ ಅವರಲ್ಲೊಬ್ಬ. ‘ಅವರು ಮತ್ತೆ ಹಡಗು ಹತ್ತಲಿಲ್ಲ ಸರ್. ಊರಲ್ಲಿ ಕ್ಯಾಂಟೀನ್ ಇಟ್ಟಿದ್ದಾರೆ. ನಾನು ಹತ್ತಿದೆ, ತಂಗಿಯ ಮದುವೆಯ ಸಾಲವಿತ್ತು’ ಎಂದು ಹೇಳಿದ. ಆ ಮಾತಿನಲ್ಲಿ ದೂರೂ ಇರಲಿಲ್ಲ, ಹೆಮ್ಮೆಯೂ ಇರಲಿಲ್ಲ.

ಇದನ್ನೆಲ್ಲ ತಿಳಿದ ಮೇಲೆ ಇಂಥ ಪ್ರವಾಸವೇ ಬೇಡ ಎನ್ನುವ ವಾದ ನನಗೆ ರುಚಿಸದು. ಹಡಗು ಖಾಲಿಯಾದರೆ ಏನಾಗುತ್ತದೆಂಬುದನ್ನು 2020 ತೋರಿಸಿದೆ. ಆದರೆ ಬಿಲ್ಲಿನಲ್ಲಿ ಟಿಪ್ಸ್ ಎಂದು ಬೇರೆ ಸಾಲಿನಲ್ಲಿ ಬರೆದ ಹಣ ಟಿಕೆಟ್ಟಿನ ದರದೊಳಗೇ, ಸಂಬಳವೆಂಬ ಹೆಸರಿನಲ್ಲೇ ಇರಬೇಕಾಗಿತ್ತು. ಕೌಂಟರಿನಲ್ಲಿ ತೆಗೆಸಿಹಾಕಲು ಬರುವಂಥದ್ದನ್ನು ಸಂಬಳವೆಂದು ಕರೆಯಲಾಗದು.

ರಾತ್ರಿ ಚೀಟಿ ಕಟ್ಟಿದ ಪೆಟ್ಟಿಗೆಗಳನ್ನು ಬಾಗಿಲಾಚೆ ಇಟ್ಟೆವು. ಅವನು ಬಂದು, ಪ್ರಯಾಣಿಕರ ಅಭಿಪ್ರಾಯ ಕೇಳುವ ನಮೂನೆಯಲ್ಲಿ ಹತ್ತಕ್ಕೆ ಹತ್ತು ಕೊಡಿರೆಂದು ಸಂಕೋಚದಿಂದ ಕೇಳಿಕೊಂಡ. ಒಂಬತ್ತು ಬಂದರೂ ಮೇಲಿನವರು ವಿವರಣೆ ಕೇಳುತ್ತಾರಂತೆ. ನನ್ನ ಹೆಂಡತಿ ಹತ್ತನ್ನು ಗುರುತು ಹಾಕಿ, ಕೆಳಗಿನ ಖಾಲಿ ಜಾಗದಲ್ಲಿ ಕನ್ನಡದಲ್ಲೇ ನಾಲ್ಕು ಸಾಲು ಬರೆದಳು. ‘ಇದನ್ನು ಆಫೀಸಿನಲ್ಲಿ ಓದುವವರು ಯಾರೂ ಇಲ್ಲ ಅಮ್ಮ’ ಎಂದು ನಕ್ಕ ಅವನು, ಫೋನಿನಲ್ಲಿ ಅದರ ಚಿತ್ರ ತೆಗೆದುಕೊಂಡು ಪಕ್ಕದ ಕೋಣೆಯ ಪೆಟ್ಟಿಗೆಗಳತ್ತ ನಡೆದ.