ಆಕಾಶದ ಪಟಕ್ಕೆ ನೆಲದ ಸಾಕ್ಷಿ

ದಿಂಡಿಗಲ್ಲಿನಿಂದ ವತ್ತಲಗುಂಡು, ಪೆರಿಯಕುಳಂ, ತೇನಿ ದಾಟಿ ಬಸ್ಸು ದಕ್ಷಿಣಕ್ಕೆ ಹೊರಳಿತೆಂದರೆ ಎರಡೂ ಬದಿಗೆ ಬೆಟ್ಟದ ಸಾಲು, ನಡುವೆ ಹಸಿರು. ಇದೇ ಕಂಬಂ ಕಣಿವೆ. 1895ರಲ್ಲಿ ಮುಗಿದ ಪೆರಿಯಾರ್ ಅಣೆಕಟ್ಟಿನ ನೀರು ಬೆಟ್ಟ ಕೊರೆದ ಸುರಂಗದಿಂದ ಇಳಿದು ಇಲ್ಲಿನ 14,707 ಎಕರೆಗೆ ವರ್ಷಕ್ಕೆರಡು ಬೆಳೆ ಭತ್ತ ಕೊಡುತ್ತದೆ. ಗದ್ದೆ ಬಿಟ್ಟರೆ ದ್ರಾಕ್ಷಿ ಚಪ್ಪರ, ತೆಂಗು, ಬಾಳೆ. ಬೆಟ್ಟದ ಮೇಲೆ ಏಲಕ್ಕಿ; ಅದರ ವ್ಯಾಪಾರಕ್ಕೆ ಬೋಡಿನಾಯಕನೂರು.

ಈ ಕಣಿವೆಯಲ್ಲಿ ಕನ್ನಡ ಇದೆ ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಕಪ್ಪಿಲಿಯರ್ ಎಂದು ಕರೆಸಿಕೊಳ್ಳುವ ಒಕ್ಕಲಿಗರು ತಲೆತಲಾಂತರದಿಂದ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡಿಕೊಂಡು ಬಂದಿದ್ದಾರೆ. ಕಂಬಂ ಪಟ್ಟಣದ ನಂದಗೋಪಾಲನ ಗುಡಿಯಲ್ಲಿ ತಂಬಿರಾನ್ ದನಗಳನ್ನು ಸಾಕುವವರು ಇವರೇ. ಅಕ್ಕಪಕ್ಕದ ಊರುಗಳಲ್ಲಿ ತೆಲುಗು ಮಾತಾಡುವ ಕಮ್ಮವಾರು, ಕಂಬಳತ್ತು ನಾಯಕರು. ನನ್ನಂಥ ಎರಡು ಭಾಷೆಯ ಗಡಿಯವನಿಗೆ ಅಲ್ಲಿ ಪರಸ್ಥಳ ಅನ್ನಿಸುವುದೇ ಇಲ್ಲ.

ದ್ರಾಕ್ಷಿಯ ನಂಟಿನಿಂದ ಪರಿಚಯವಾದ ಒಬ್ಬ ರೈತರ ಮನೆಗೆ ಹೋಗಿದ್ದೆ. ಊಟ ಮುಗಿದ ಮೇಲೆ ಅವರು ಮಾತು ತೆಗೆದರು. ಮಗಳು ಭೂಗೋಳದಲ್ಲಿ ಬಿ.ಎಸ್ಸಿ. ಮುಗಿಸಿದ್ದಾಳೆ. ಮುಂದೆ ಉಪಗ್ರಹದ ಓದು ಓದುತ್ತೇನೆ ಅಂತ ಹಟ.

"ಆಕಾಶದಿಂದ ಪಟ ತೆಗೆದು ನೆಲ ನೋಡೋ ಓದಂತೆ ಅಣ್ಣಾ. ನೆಲ ನೋಡೋಕೆ ಎರಡು ವರ್ಷ ದುಡ್ಡು ಕಟ್ಬೇಕಾ? ನಾವು ದಿನಾ ನೋಡ್ತಾ ಇಲ್ವಾ?"

ಎಸ್ಸೆಸ್ಸೆಲ್ಸಿ ಓದಿದ ನಾನು ಏನು ಹೇಳಲಿ? "ಹುಡುಗೀನೇ ಹೇಳ್ಲಿ, ಕೇಳೋಣ" ಅಂದೆ.

ಒಂದು ಚುಕ್ಕೆ, ಒಂದು ಗುಂಟೆ

ಚಪ್ಪರದ ನೆರಳಲ್ಲಿ ಕೂತು ಆಕೆ ಫೋನು ತೆರೆದಳು. "ನೋಡಿ ದೊಡ್ಡಪ್ಪ, ಇದು ನಮ್ಮ ಕಣಿವೆ." ಪಟವೆಲ್ಲ ಕೆಂಪು! ಬೆಂಕಿ ಬಿದ್ದ ಹಾಗೆ. ಅದು ಬೆಂಕಿಯಲ್ಲ, ಪೈರು ಎಂದಳು. ಹಸಿರೆಲೆ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಜೋರಾಗಿ ಹಿಂದಕ್ಕೆ ಎಸೆಯುತ್ತದೆ. ಒಣಗಿದ ಎಲೆ, ರೋಗ ಹಿಡಿದ ಎಲೆ ಅಷ್ಟು ಎಸೆಯದು. ಉಪಗ್ರಹ ಆ ಬೆಳಕನ್ನು ಅಳೆಯುತ್ತದೆ. ನಮಗೆ ಕಾಣಲೆಂದು ಅದಕ್ಕೆ ಕೆಂಪು ಬಣ್ಣ ಕೊಡುತ್ತಾರೆ. ಹಾಗಾಗಿ ಪೈರು ಚೆನ್ನಾಗಿದ್ದಷ್ಟೂ ಪಟ ಕೆಂಪು. ಇದಕ್ಕೆ ದೂರ ಸಂವೇದಿ ಶಾಸ್ತ್ರ ಎಂದು ಹೆಸರು.

ಪ್ರಯೋಗದ ಹಂತ ದಾಟಿ ನಿತ್ಯ ಬಳಕೆಗೆ ಬಂದ ಭಾರತದ ಮೊದಲ ದೂರ ಸಂವೇದಿ ಉಪಗ್ರಹ ಐಆರ್‌ಎಸ್-1ಎ ಮೇಲೇರಿದ್ದು 1988ರ ಮಾರ್ಚ್ 17ರಂದು. ಅದರ ಒಂದು ಕ್ಯಾಮರಾಗೆ 72.5 ಮೀಟರ್ ಚೌಕವೆಲ್ಲ ಸೇರಿ ಒಂದೇ ಚುಕ್ಕೆ. ನಮ್ಮ ಲೆಕ್ಕದಲ್ಲಿ ಒಂದೂಕಾಲು ಎಕರೆಗೂ ಮಿಕ್ಕಿ. ಸಣ್ಣ ರೈತನ ಹೊಲ ಪೂರಾ ಒಂದು ಚುಕ್ಕೆಯೊಳಗೆ ಮುಳುಗಿಹೋಗುತ್ತಿತ್ತು. ಈಗ ಯುರೋಪಿನವರ ಸೆಂಟಿನೆಲ್-2 ಉಪಗ್ರಹಗಳ ಪಟದಲ್ಲಿ ಒಂದು ಚುಕ್ಕೆ 10 ಮೀಟರ್ ಚೌಕ. ಹತ್ತು ಮೀಟರ್ ಅಂದರೆ 33 ಅಡಿ. 33ಕ್ಕೆ 33 ಅಡಿ ಅಂದರೆ ನಮ್ಮ ಒಂದು ಗುಂಟೆ. ತಮಿಳುನಾಡಿನ ಲೆಕ್ಕದಲ್ಲಿ ಎರಡೂವರೆ ಸೆಂಟು. ಈ ಪಟಗಳಿಗೆ ದುಡ್ಡೂ ಇಲ್ಲ. ಮಳೆಗಾಲದ ಮೋಡ ಅಡ್ಡ ಬಂದರೆ ಮೋಡ ತೂರಿ ನೋಡುವ ರಾಡಾರ್ ಉಪಗ್ರಹಗಳುಂಟು.

ಓದಿನ ಇನ್ನೊಂದು ಕಾಲು ಜಿಐಎಸ್, ಅಂದರೆ ಭೌಗೋಳಿಕ ಮಾಹಿತಿ ವ್ಯವಸ್ಥೆ. ಹೆಸರು ದೊಡ್ಡದು, ಸಂಗತಿ ಸರಳ. ಗ್ರಾಮನಕ್ಷೆಯ ಮೇಲೆ ತೆಳು ಕಾಗದದಲ್ಲಿ ಬರೆದ ಬಾವಿಗಳ ನಕ್ಷೆ, ಅದರ ಮೇಲೆ ಮಣ್ಣಿನ ನಕ್ಷೆ, ಅದರ ಮೇಲೆ ಕಾಲುವೆಯ ನಕ್ಷೆ ಹಾಸಿ ಬೆಳಕಿಗೆ ಹಿಡಿದ ಹಾಗೆ. ಯಾವ ಸರ್ವೆ ನಂಬರಿನಲ್ಲಿ ಯಾವ ಮಣ್ಣು, ಕಾಲುವೆ ಎಷ್ಟು ದೂರ ಅಂತ ಒಟ್ಟಿಗೆ ಕಾಣುತ್ತದೆ. ನಮ್ಮ ರೈತರು ಫೋನಿನಲ್ಲಿ ಸರ್ವೆ ನಂಬರ್ ನೋಡುವ 'ದಿಶಾಂಕ್' ಕೂಡ ಇದೇ ಜಾತಿಯದು. ಅದನ್ನು ರೂಪಿಸಿದ್ದು ಬೆಂಗಳೂರಿನ ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ.

ಅಪ್ಪ ನಡುವೆ ಬಾಯಿ ಹಾಕಿದರು: "ನಮ್ಮ ದ್ರಾಕ್ಷಿಗೆ ಬಂತಲ್ಲ ಜಿಐ, ಅದೇನಾ ಇದು?" ಅದು ಬೇರೆ. ಕಂಬಂ ಪನ್ನೀರು ದ್ರಾಕ್ಷಿಗೆ 2023ರಲ್ಲಿ ಸಿಕ್ಕಿದ್ದು ಭೌಗೋಳಿಕ ಗುರುತು. ಹೆಸರು ಕಾಪಾಡುವ ಕಾಯಿದೆಯದು. ಆದರೆ ಆ ಗುರುತಿಗೂ ಬೆಳೆಯುವ ಸೀಮೆ ಇಂತಿಷ್ಟೇ ಎಂಬ ನಕ್ಷೆ ಕೊಡಲೇಬೇಕು. ಎಲ್ಲೆ ಎಳೆಯಲು ಅಲ್ಲಿಯೂ ಈ ಓದಿನವರೇ ಒದಗುತ್ತಾರೆ.

ಕಾಣದ ಏಲಕ್ಕಿ

"ಎಲ್ಲಾ ಮೇಲಿಂದಲೇ ಕಾಣೋದಾದ್ರೆ ಇನ್ನು ರೈತನ್ನ ಕೇಳೋರ್ಯಾರು?" ಎಂದು ನಾನೂ ಒಂದು ಎಸೆದೆ. ಹುಡುಗಿ ಬೆಟ್ಟದ ಕಡೆ ಕೈ ತೋರಿಸಿದಳು. ಏಲಕ್ಕಿ ಬೆಳೆಯುವುದು ದೊಡ್ಡ ಮರದ ನೆರಳಲ್ಲಿ. ಉಪಗ್ರಹಕ್ಕೆ ಕಾಣುವುದು ಮರದ ತಲೆ ಮಾತ್ರ. ಕೆಳಗಿರುವುದು ಏಲಕ್ಕಿಯೋ, ಮೆಣಸೋ, ಬರೀ ಕಾಡೋ, ಅದಕ್ಕೆ ಗೊತ್ತಾಗುವುದಿಲ್ಲ. ತೆಂಗಿನ ತೋಟದೊಳಗಿನ ಬಾಳೆಗೂ ಇದೇ ಗತಿ. ಆದ್ದರಿಂದ ವಿದ್ಯಾರ್ಥಿಗಳು ಪಟ ಹಿಡಿದು ನೆಲಕ್ಕೆ ಇಳಿಯಲೇಬೇಕು. ಇಂಥ ಚುಕ್ಕೆಯಲ್ಲಿ ಇಂಥ ಬೆಳೆ ಇದೆ ಅಂತ ನೋಡಿ, ಕೇಳಿ, ಬರೆದುಕೊಂಡು ಬರಬೇಕು. ಆಮೇಲೆ ಅದೇ ಗುರುತನ್ನು ಕಂಪ್ಯೂಟರಿಗೆ ಕಲಿಸಿ ಉಳಿದ ಸೀಮೆಯನ್ನು ವಿಂಗಡಿಸಬೇಕು. ನೆಲದ ಸಾಕ್ಷಿ ತಪ್ಪಾದರೆ ಮೇಲಿನದ್ದೆಲ್ಲ ತಪ್ಪು.

ಈ ಮಾತು ನನಗೆ ನಾಟಿತು. ಒಂದು ವರ್ಷ ನನ್ನ ಹೊಲದಲ್ಲಿ ಕಡಲೆಕಾಯಿ ನಿಂತಿದ್ದಾಗಲೇ ಕಾಗದದಲ್ಲಿ ಬೀಡು ಅಂತ ಬಂದಿತ್ತು. ಯಾರು ಬರೆದರೋ ಕಾಣೆ, ಹೊಲಕ್ಕಂತೂ ಯಾರೂ ಬಂದಿರಲಿಲ್ಲ. ಸರಿ ಮಾಡಿಸುವಷ್ಟರಲ್ಲಿ ಚಪ್ಪಲಿ ಸವೆಯಿತು. ನಮ್ಮ ಪಹಣಿಯಾಗಲಿ, ಅವರ ಅಡಂಗಲ್ ಆಗಲಿ, ಬೆಳೆಯ ಕಾಲಂ ತಪ್ಪಿದರೆ ಪರಿಹಾರ, ವಿಮೆ, ಬೆಂಬಲ ಬೆಲೆ ಎಲ್ಲದಕ್ಕೂ ತೊಡಕು. 2020ರಲ್ಲಿ ಕರ್ನಾಟಕದ ರೈತನೇ ಫೋನಿನಲ್ಲಿ ಬೆಳೆ ದಾಖಲಿಸುವ ಏರ್ಪಾಡು ಬಂತು. 2024ರಲ್ಲಿ ತಮಿಳುನಾಡು ಡಿಜಿಟಲ್ ಬೆಳೆ ಸಮೀಕ್ಷೆಗೆ ಕೃಷಿ ಕಾಲೇಜಿನ ವಿದ್ಯಾರ್ಥಿಗಳನ್ನು ಹೊಲಕ್ಕಿಳಿಸಿತು. ಪಟ ಮೇಲಿದ್ದರೂ ಕೆಳಗೆ ನಡೆಯುವ ಕಾಲು ತಪ್ಪಲಿಲ್ಲ.

ಕೆರೆಯೋ, ಊರಣಿಯೋ

ಭಾಷೆಯ ಮಾತು ಬರುವುದು ಇಲ್ಲಿ. ಪಟದಲ್ಲಿ ನೀರೆಲ್ಲ ಒಂದೇ, ಕಪ್ಪು ಮಚ್ಚೆ. ಇಂಗ್ಲಿಷಿನ ನಕ್ಷೆಗೆ ಎಲ್ಲವೂ ಟ್ಯಾಂಕ್. ಆದರೆ ನಾವು ಕೆರೆ ಅಂತೀವಿ, ಕುಂಟೆ ಅಂತೀವಿ. ತೆಲುಗಿನವರು ಚೆರುವು ಅಂತಾರೆ. ಮದುರೆ, ತೇನಿ ಸೀಮೆಯವರಿಗೆ ಅದು ಕಣ್ಮಾಯ್. ಕುಡಿಯುವ ನೀರಿನದಾದರೆ ಊರಣಿ. ಹೆಸರು ಬೇರೆಯಾದರೆ ಹಕ್ಕೂ ಬೇರೆ. ಕಣ್ಮಾಯಿಗೆ ತೂಬು ಉಂಟು, ಅಚ್ಚುಕಟ್ಟು ಉಂಟು. ಊರಣಿಯ ನೀರನ್ನು ಗದ್ದೆಗೆ ಬಿಡುವಂತಿಲ್ಲ. ಎರಡನ್ನೂ ಒಂದೇ ಮಚ್ಚೆಯೆಂದು ಬರೆದವನಿಗೆ ಊರಿನ ಜಗಳ ಅರ್ಥವಾಗದು. ಊರಿನ ಮಾತು ಬಲ್ಲ ಹುಡುಗಿ ಕಟ್ಟೆಯ ಮೇಲೆ ಕೂತ ಅಜ್ಜಿಯನ್ನು ಕೇಳಿ ಐದು ನಿಮಿಷಕ್ಕೆ ತಿಳಿದು ಬರುತ್ತಾಳೆ. ಎರಡು ಮೂರು ಭಾಷೆಯ ಮನೆಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಈ ಓದಿನಲ್ಲಿ ಇರುವ ಬಂಡವಾಳ ಅದೇ. ಕಂಪ್ಯೂಟರ್ ಯಾರು ಬೇಕಾದರೂ ಕಲಿತಾರು.

ಎಲ್ಲಿ ಓದಬೇಕು?

ಕಂಬಂ ಹುಡುಗಿಗೆ ದೂರ ಹೋಗುವ ಪ್ರಮೇಯವಿಲ್ಲ. ದಿಂಡಿಗಲ್–ಮದುರೆ ದಾರಿಯಲ್ಲಿ, ಚಿನ್ನಾಳಪಟ್ಟಿಯ ಬಳಿ, ಸಿರುಮಲೈ ಬೆಟ್ಟದ ಬುಡದಲ್ಲಿ ಗಾಂಧಿಗ್ರಾಮ ಇದೆ. ಡಾಕ್ಟರ್ ಸೌಂದರಂ ಮತ್ತು ಜಿ. ರಾಮಚಂದ್ರನ್ ದಂಪತಿ 1947ರಲ್ಲಿ ಕಟ್ಟಿದ ನೆಲೆ. ಅಲ್ಲಿನ ಗ್ರಾಮೀಣ ಸಂಸ್ಥೆ 1976ರಲ್ಲಿ ವಿಶ್ವವಿದ್ಯಾಲಯದ ಮನ್ನಣೆ ಪಡೆಯಿತು. ಜಿಯೋಇನ್ಫರ್ಮ್ಯಾಟಿಕ್ಸ್ ಎಂಬ ಹೆಸರಿನ ಎಂ.ಎಸ್ಸಿ.ಯನ್ನು ಅಲ್ಲಿ ಕಲಿಸುತ್ತಾರೆ. ಚೆನ್ನೈಯ ಅಣ್ಣಾ ವಿಶ್ವವಿದ್ಯಾಲಯ, ತಿರುಚ್ಚಿಯ ಭಾರತಿದಾಸನ್ ವಿಶ್ವವಿದ್ಯಾಲಯಗಳಲ್ಲೂ ಈ ವಿದ್ಯೆ ಉಂಟು. 1966ರಲ್ಲಿ ಶುರುವಾದ ಡೆಹ್ರಾಡೂನಿನ ಭಾರತೀಯ ದೂರ ಸಂವೇದಿ ಸಂಸ್ಥೆ ಶುಲ್ಕವಿಲ್ಲದ ಪಾಠಗಳನ್ನು ಅಂತರ್ಜಾಲದಲ್ಲಿ ಕೊಡುತ್ತದೆ. ಕ್ಯೂಜಿಐಎಸ್ ಎಂಬ ತಂತ್ರಾಂಶಕ್ಕೂ ದುಡ್ಡಿಲ್ಲ. ದುಡ್ಡು ಕಟ್ಟುವ ಮೊದಲು ಈ ಎರಡರಲ್ಲಿ ಮನಸ್ಸು ನಿಲ್ಲುತ್ತದೋ ನೋಡಿಕೊಳ್ಳಬಹುದು. ಸೇರುವ ಮುನ್ನ ಆ ವರ್ಷದ ಪ್ರವೇಶ ಪ್ರಕಟಣೆ ಓದಿ, ಯಾವ ಪದವಿಯವರಿಗೆ ಅವಕಾಶ ಎಂದು ವಿಚಾರಿಸಬೇಕು.

ಓದಿದ ಕೂಡಲೇ ದೊಡ್ಡ ಸಂಬಳ ಎಂದು ಯಾರೂ ನಂಬಬೇಡಿ. ಮೊದಮೊದಲು ಪರದೆಯ ಮೇಲೆ ಗೆರೆ ಎಳೆಯುವ ಕೆಲಸವೇ ಹೆಚ್ಚು. ಆದರೆ 2021ರಲ್ಲಿ ಕೇಂದ್ರ ಸರ್ಕಾರ ನಕ್ಷೆ ತಯಾರಿಕೆಯ ಕಟ್ಟುಪಾಡು ಸಡಿಲಿಸಿದ ಮೇಲೆ ದೇಶದ ಕಂಪನಿಗಳಿಗೂ ಬಾಗಿಲು ತೆರೆದಿದೆ. ನೀರಾವರಿ, ಕಂದಾಯ, ಅರಣ್ಯ, ವಿಮೆ ಎಲ್ಲಕ್ಕೂ ನಕ್ಷೆ ಬೇಕು.

ಸಂಜೆ ಹೊರಟಾಗ ಅಪ್ಪ ಬಸ್ಸಿನವರೆಗೂ ಬಂದರು. "ಅರ್ಜಿ ಹಾಕ್ಲಿ ಬಿಡಿ ಅಣ್ಣಾ. ಮೊದಲು ನಮ್ಮ ತೋಟದ ನಕ್ಷೆ ಬರೆದು ತೋರಿಸ್ಲಿ ಅಂದಿದೀನಿ" ಅಂದರು. ಹುಡುಗಿ ಆಗಲೇ ಮೂಲೆಯ ಬಾವಿಯಿಂದ ಶುರು ಮಾಡಿದ್ದಳು.

ಗಡಿಯ ರೈತ ಬಂಧುಗಳಲ್ಲಿ ನನ್ನದೊಂದು ವಿನಂತಿ. ಯಾರಾದರೂ ಓದುವ ಮಕ್ಕಳು ಫೋನು ಹಿಡಿದು ನಿಮ್ಮ ಬದುವಿಗೆ ಬಂದು "ಇದೇನು ಬೆಳೆ, ಈ ಕೆರೆಯ ಹೆಸರೇನು" ಎಂದು ಕೇಳಿದರೆ ಗದರಿ ಕಳಿಸಬೇಡಿ. ಒಂದು ಚೊಂಬು ನೀರು ಕೊಟ್ಟು ಸರಿಯಾಗಿ ಹೇಳಿ. ನಾಳೆ ನಿಮ್ಮ ಪಹಣಿಯಲ್ಲಿ ಬರುವುದು ಆ ಮಾತೇ ಇರಬಹುದು.