ಕಾಫಿ ಮಿಲ್ಲು ಶಬ್ದ ಮಾಡಿದರೆ ಬೇರಿಂಗ್ ನೋಡಿ



ಗುಜರಾತಿನಲ್ಲಿ ಹೋಟೆಲ್ ನಡೆಸುವ ನಮಗೆ ಕಾಫಿ ದೊಡ್ಡ ವ್ಯಾಪಾರವಲ್ಲ. ಇಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೂ ಚಹಾ. ಆದರೆ ಬೋಪಾಲ್ 2020ರಲ್ಲಿ ಅಹಮದಾಬಾದ್ ಮಹಾನಗರಪಾಲಿಕೆಗೆ ಸೇರಿತು. ಈಗ ಹೊಸ ಫ್ಲ್ಯಾಟುಗಳಿಗೆ ಬೆಂಗಳೂರು, ಚೆನ್ನೈಯಲ್ಲಿ ಕೆಲಸ ಮಾಡಿ ಬಂದವರೂ ಬರುತ್ತಿದ್ದಾರೆ. ದೋಸೆ ಸ್ವಲ್ಪ ಹೆಚ್ಚುಕಮ್ಮಿಯಾದರೆ ಅವರು ಸುಮ್ಮನಿರುತ್ತಾರೆ, ಕಾಫಿ ಕೆಟ್ಟರೆ ಮತ್ತೆ ಬರುವುದಿಲ್ಲ. ದಿನಕ್ಕೆ ಮೂವತ್ತು ನಲವತ್ತು ಕಪ್ ಹೋಗುವ ಕಡೆ ಪುಡಿಯನ್ನು ಕಿಲೋಗಟ್ಟಲೆ ತಂದಿಟ್ಟರೆ ನಾಲ್ಕು ದಿನದಲ್ಲಿ ಪರಿಮಳ ಹೋಗುತ್ತದೆ. ಅದಕ್ಕೇ ಕೈಯಲ್ಲಿ ತಿರುಗಿಸುವ ಮಿಲ್ಲು ಇಟ್ಟುಕೊಂಡು ದಿನದ ಬೀಜವನ್ನು ಅಂದೇ ಪುಡಿ ಮಾಡುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಈ ಮಿಲ್ಲು ಕರಕರ ಎನ್ನಲು ಶುರುವಾದರೆ ನಮ್ಮ ಕಾಫಿ ಮಾಸ್ಟರ್ ಹೇಳುವುದು ಒಂದೇ ಮಾತು: "ಅಣ್ಣಾ, ಈ ಸಲದ ಬೀಜ ಗಟ್ಟಿ ಉಂಟು." ಬೀಜ ಗಟ್ಟಿಯಾದರೆ ಹ್ಯಾಂಡಲ್ ಭಾರವಾಗಬಹುದು, ಬರಿ ಮಿಲ್ಲು ತಿರುಗಿಸಿದಾಗಲೂ ಶಬ್ದ ಬರುವುದಿಲ್ಲ. ಆದ್ದರಿಂದ ಮೊದಲು ಬೀಜ ಪೂರ್ತಿ ತೆಗೆದು ತಿರುಗಿಸಿ ನೋಡಿ. ಶಬ್ದ ಇದ್ದರೆ ಹಲ್ಲಿನ ಸೆಟ್ಟಿಂಗ್ ಎರಡು ಸುತ್ತು ಸಡಿಲ ಮಾಡಿ. ಶಬ್ದ ನಿಂತಿತೇ? ಹಾಗಾದರೆ ಹಲ್ಲಿಗೆ ಹಲ್ಲು ತಾಗುತ್ತಿತ್ತು, ಬೇರಿಂಗಿನ ತಪ್ಪಲ್ಲ. ನಿಲ್ಲದಿದ್ದರೆ ಶಾಫ್ಟ್ ಹಿಡಿದು ಆಚೆ ಈಚೆ ಅಲ್ಲಾಡಿಸಿ. ಅಲ್ಲಾಡಿದರೆ ಬೇರಿಂಗ್ ಸವೆದಿದೆ.

ಶಬ್ದ ತಾನೇ, ಇರಲಿ ಎಂದು ಬಿಡುವವರು ಬಹಳ ಜನ. ನಷ್ಟ ಶಬ್ದದಲ್ಲಿಲ್ಲ. ಶಾಫ್ಟ್ ಓಲಾಡಿದರೆ ಹಲ್ಲಿನ ಸಂದು ಒಂದು ಕಡೆ ಹೆಚ್ಚು, ಒಂದು ಕಡೆ ಕಮ್ಮಿ. ಪುಡಿಯಲ್ಲಿ ತರಿಯೂ ಹಿಟ್ಟೂ ಸೇರಿ ಬರುತ್ತವೆ. ಹಿಟ್ಟು ಫಿಲ್ಟರಿನ ತೂತು ಕಟ್ಟುತ್ತದೆ, ತರಿ ಸತ್ವ ಬಿಡದೆ ಹಾಗೇ ಉಳಿಯುತ್ತದೆ. ಡಿಕಾಕ್ಷನ್ ನೀರಾಯಿತೆಂದು ಮಾಸ್ಟರ್ ಇನ್ನೊಂದು ಚಮಚ ಪುಡಿ ಹಾಕುತ್ತಾನೆ. ಆ ಚಮಚದ ಲೆಕ್ಕ ಗಲ್ಲಾದಲ್ಲಿ ಯಾರಿಗೂ ಕಾಣುವುದಿಲ್ಲ. ಮೇಲಿಂದ ಹಲ್ಲು ಉಜ್ಜಿ ಬಿದ್ದ ಕಬ್ಬಿಣದ ಪುಡಿ ಗಿರಾಕಿಯ ಹೊಟ್ಟೆಗೆ.

ಎಲ್ಲ ಕೈಮಿಲ್ಲಿನಲ್ಲೂ ಬಾಲ್ ಬೇರಿಂಗ್ ಇರುವುದಿಲ್ಲ. ಹಳೆಯ ಬೀಡುಕಬ್ಬಿಣದ ಮಿಲ್ಲುಗಳಲ್ಲಿ ಬುಶ್ ಅಥವಾ ಬರಿ ತೂತು ಇರುತ್ತದೆ. ಬುಶ್ ಸವೆದಿದ್ದರೆ ಲೇತಿನವನ ಹತ್ತಿರ ಹೊಸದು ಮಾಡಿಸಿದರಾಯಿತು. ಬಾಲ್ ಬೇರಿಂಗ್ ಇದ್ದರೆ ಅದರ ಪಕ್ಕದಲ್ಲಿ ನಂಬರ್ ಕೊರೆದಿರುತ್ತದೆ. 608 ಎಂದಿದ್ದರೆ ಒಳತೂತು 8 ಮಿ.ಮೀ., ಹೊರಗೆ 22, ದಪ್ಪ 7. 6201 ಆದರೆ 12, 32, 10. 6202 ಆದರೆ 15, 35, 11. ನಂಬರ್ ಅಳಿಸಿದ್ದರೆ ವರ್ನಿಯರ್‌ನಲ್ಲಿ ಈ ಮೂರು ಅಳತೆ ತೆಗೆದು ಅಂಗಡಿಗೆ ಹೋಗಿ.

ನಂಬರಿನ ಮುಂದಿನ ಅಕ್ಷರವೇ ಮುಖ್ಯ. ಝಡ್‌ಝಡ್ ಎಂದರೆ ಎರಡು ಕಡೆ ತಗಡಿನ ಮುಚ್ಚಳ. ಅದಕ್ಕೂ ಒಳರಿಂಗಿಗೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ. ಹುರಿದ ಬೀಜದ ಎಣ್ಣೆ ಹಿಡಿದ ನುಣುಪು ಪುಡಿ ಅದರಲ್ಲಿ ನುಗ್ಗಿ ಗ್ರೀಸನ್ನು ಅಂಟು ಮಾಡುತ್ತದೆ. 2ಆರ್‌ಎಸ್ ಎಂದರೆ ರಬ್ಬರ್ ಸೀಲು. ಕಾಫಿ ಮಿಲ್ಲಿಗೆ ಇದನ್ನೇ ಕೇಳಿ. ಸ್ವಲ್ಪ ಬಿಗಿಯಾಗಿ ತಿರುಗುತ್ತದೆ, ಪರವಾಗಿಲ್ಲ.

ಬೇರಿಂಗ್ ವಿಷಯದಲ್ಲಿ ಗುಜರಾತಿನ ನಮಗೆ ಅನುಕೂಲ ಹೆಚ್ಚು. ವಡೋದರದ ಮಾಣೇಜಾದಲ್ಲಿ ಮೊದಲು ಎಫ್.ಎ.ಜಿ. ಬೇರಿಂಗ್ಸ್ ಎನ್ನುತ್ತಿದ್ದ, ಈಗ ಶೆಫ್ಲರ್ ಇಂಡಿಯಾ ಎಂಬ ಕಂಪನಿಯ ದೊಡ್ಡ ಕಾರ್ಖಾನೆಯೇ ಇದೆ. ಆದರೂ ಹೆಸರಾಂತ ಕಂಪನಿಗಳ ನಕಲಿ ಮಾಲು ಬಜಾರಿನಲ್ಲಿ ಓಡಾಡುತ್ತದೆ. ಬಿಲ್ಲು ಕೊಡದ ಅಂಗಡಿಯಲ್ಲಿ ತೆಗೆದುಕೊಳ್ಳಬೇಡಿ.

ಹಳೆಯದನ್ನು ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಹಾಕಿಕೊಡುತ್ತೇನೆ ಎನ್ನುವ ಮೆಕ್ಯಾನಿಕ್ ಎಲ್ಲ ಕಡೆ ಸಿಗುತ್ತಾನೆ. ಬೇಡ. ಕಾಫಿಯಷ್ಟು ಬೇಗ ವಾಸನೆ ಹಿಡಿಯುವ ವಸ್ತು ಅಡಿಗೆಮನೆಯಲ್ಲಿ ಇನ್ನೊಂದಿಲ್ಲ. ಗುಂಡು ಓಡುವ ದಾರಿಯಲ್ಲಿ ಗುಳಿ ಬಿದ್ದಿದ್ದರೆ ತೊಳೆದರೂ ಶಬ್ದ ಹೋಗುವುದಿಲ್ಲ. ಬೇರಿಂಗ್ ಬದಲಾಯಿಸುವುದೇ ಅಗ್ಗ.

ಕೂರಿಸುವಾಗ ಒಂದು ನಿಯಮ. ಶಾಫ್ಟಿಗೆ ಹಾಕುವಾಗ ಒಳರಿಂಗಿನ ಮೇಲೆ ಮಾತ್ರ ಒತ್ತಬೇಕು, ಬಾಡಿಗೆ ಕೂರಿಸುವಾಗ ಹೊರರಿಂಗಿನ ಮೇಲೆ. ತಪ್ಪಿದರೆ ಪೆಟ್ಟು ಗುಂಡಿನ ಮೇಲೆ ಬಿದ್ದು ಹೊಸ ಬೇರಿಂಗೇ ಮೊದಲ ದಿನ ಟಕಟಕ ಎನ್ನುತ್ತದೆ. ಶಾಫ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಡೀಪ್ ಫ್ರೀಜರಿನಲ್ಲಿ ಒಂದು ಗಂಟೆ ಇಟ್ಟರೆ ಕೂದಲೆಳೆಯಷ್ಟು ಕುಗ್ಗಿ ಸುಲಭವಾಗಿ ಇಳಿಯುತ್ತದೆ. ಫ್ರೀಜರ್ ಹೇಗೂ ನಮ್ಮಲ್ಲೇ ಇದೆಯಲ್ಲ! ಹೊರತೆಗೆದ ಮೇಲೆ ಬೆವರಿದ ನೀರನ್ನು ಒರೆಸಿ.

ಸೀಲು ಇರುವ ಬೇರಿಂಗಿಗೆ ಎಣ್ಣೆ ಬೇಕಿಲ್ಲ. ಬುಶ್ ಇದ್ದರೆ ಆಹಾರಕ್ಕೆ ತಾಗಬಹುದಾದ ಎಚ್1 ದರ್ಜೆಯ ಎಣ್ಣೆ ಒಂದು ತೊಟ್ಟು ಸಾಕು. ಕೈಗೆ ಸಿಕ್ಕಿತೆಂದು ತೆಂಗಿನೆಣ್ಣೆ, ಕಡಲೆಕಾಯಿ ಎಣ್ಣೆ ಬಿಟ್ಟರೆ ಕಮಟು ಹಿಡಿದು ಅಂಟಾಗುತ್ತದೆ. ಹೊಲಿಗೆ ಮಿಷನ್ ಎಣ್ಣೆ ತಿನ್ನುವ ಪದಾರ್ಥದ ಹತ್ತಿರ ಬರಲೇಬಾರದು. ಮಿಲ್ಲನ್ನು ನೀರಿನಲ್ಲಿ ತೊಳೆಯಬೇಡಿ, ಬ್ರಷ್ ಸಾಕು. ಚಿಕೋರಿಯನ್ನು ಬೀಜದ ಜೊತೆ ಮಿಲ್ಲಿಗೆ ಹಾಕಲೂಬೇಡಿ. ಅದು ತೇವ ಎಳೆಯುವ ಜಾತಿ, ಮಳೆಗಾಲದಲ್ಲಿ ಹಲ್ಲಿಗೂ ಶಾಫ್ಟಿಗೂ ಮೆತ್ತಿಕೊಳ್ಳುತ್ತದೆ. ಪುಡಿಯನ್ನೇ ತಂದು ಆಮೇಲೆ ಬೆರೆಸಿ.

ಬೇರಿಂಗ್ ಬದಲಾಯಿಸಿದ ಮೇಲೆ ಹಳೆಯ ಸೆಟ್ಟಿಂಗ್ ನಡೆಯುವುದಿಲ್ಲ, ಹಲ್ಲಿನ ಸಂದು ಬೇರೆಯಾಗಿರುತ್ತದೆ. ಮೊದಲು ಒಂದು ಹಿಡಿ ಹಳೆಯ ಬೀಜ ಪುಡಿ ಮಾಡಿ ಎಸೆಯಿರಿ. ಬೆರಳಲ್ಲಿ ಉಜ್ಜಿದರೆ ಸಣ್ಣ ರವೆಗಿಂತ ನುಣುಪಾಗಿ, ಮೈದಾದಷ್ಟು ನುಣ್ಣಗಾಗದೆ ಬರುವವರೆಗೆ ಸೆಟ್ಟಿಂಗ್ ತಿರುಗಿಸಿ, ಆ ಜಾಗಕ್ಕೆ ಪೇಂಟಿನಲ್ಲಿ ಒಂದು ಗುರುತು ಹಾಕಿಡಿ.