ಎರಡು ಮಾರು ಹುರಿ

ಕುರ್ಚಿಯ ಕಾಲು ಅಲುಗಾಡತೊಡಗಿದರೆ ಮನೆಯಲ್ಲಿ ಮೊದಲು ಕೇಳಿಬರುವ ಮಾತು, "ಒಂದು ಮೊಳೆ ಹೊಡೆದುಬಿಡು." ಮೊಳೆ ಮರವನ್ನು ಸೀಳುತ್ತದೆ, ಕಾಲು ಮತ್ತೆ ಅಲುಗುತ್ತದೆ. ಆ ಕುರ್ಚಿಗೆ ಬೇಕಾದದ್ದು ಮೊಳೆಯಲ್ಲ, ಅಂಟು ಆರುವ ತನಕ ಅದನ್ನು ಅದುಮಿ ಹಿಡಿಯುವ ಕೈ. ಬಡಗಿಯ ಹತ್ತಿರ ಅದಕ್ಕೆ ಕಬ್ಬಿಣದ ಕ್ಲ್ಯಾಂಪ್ ಇರುತ್ತದೆ. ನಮ್ಮ ಹತ್ತಿರ ಬಟ್ಟೆ ಒಣಹಾಕುವ ಹಗ್ಗ ಇದೆ.

ಸಡಿಲವಾದ ಅಡ್ಡಪಟ್ಟಿಯನ್ನು ಕಾಲಿನ ತೂತಿನಿಂದ ಎಳೆದು ತೆಗೆಯಿರಿ. ಎರಡೂ ಕಡೆ ಅಂಟಿಕೊಂಡಿರುವ ಹಳೇ ಅಂಟನ್ನು ಚಾಕುವಿನಿಂದ ಪೂರ್ತಿ ಕೆರೆಯಬೇಕು. ಈ ಕೆಲಸ ಬೇಸರದ್ದು, ಹಾಗಾಗಿಯೇ ಹೆಚ್ಚಿನವರು ಇದನ್ನು ಹಾರಿಸುತ್ತಾರೆ. ಆದರೆ ಹಳೇ ಅಂಟಿನ ಮೇಲೆ ಹೊಸದು ಕೂರುವುದಿಲ್ಲ. ಮರದ ಅಂಟು ಸವರಿ ಪಟ್ಟಿಯನ್ನು ಮತ್ತೆ ಕೂರಿಸಿ, ನಾಲ್ಕೂ ಕಾಲುಗಳ ಸುತ್ತ ಹಗ್ಗವನ್ನು ಎರಡು ಸುತ್ತು ತಂದು ಗಂಟು ಹಾಕಿ. ಎರಡು ಎಳೆಗಳ ನಡುವೆ ಒಂದು ಗೇಣುದ್ದದ ಕೋಲು ತೂರಿಸಿ ತಿರುಚುತ್ತಾ ಹೋಗಿ. ತಿರುಚಿದಷ್ಟೂ ಹಗ್ಗ ಗಿಡ್ಡವಾಗುತ್ತದೆ, ಕಾಲುಗಳು ಒಳಕ್ಕೆ ಬರುತ್ತವೆ. ಕೋಲಿನ ತುದಿಯನ್ನು ಪಟ್ಟಿಗೆ ಆನಿಸಿದರೆ ಬಿಚ್ಚಿಕೊಳ್ಳುವುದಿಲ್ಲ. ಹಗ್ಗ ಮರಕ್ಕೆ ತಾಗುವ ಕಡೆ ಹಳೇ ಬಟ್ಟೆ ಮಡಚಿಡಿ. ಮಾರನೆಯ ದಿನದ ತನಕ ಯಾರೂ ಕೂರದಂತೆ ನೋಡಿಕೊಳ್ಳಿ. ಮಕ್ಕಳಿರುವ ಮನೆಯಲ್ಲಿ ಕುರ್ಚಿಯನ್ನು ಅಟ್ಟಕ್ಕೆ ಏರಿಸುವುದೇ ಮೇಲು.

ಈ ಕೋಲಿನ ಬಲವನ್ನು ಹಗುರವಾಗಿ ಎಣಿಸಬಾರದು. ಸಾಕೆನಿಸಿದ ಮೇಲೂ ಇನ್ನೆರಡು ಸುತ್ತು ತಿರುಚಿದರೆ ತೆಳ್ಳನೆಯ ಪಟ್ಟಿ ಬಾಗುತ್ತದೆ, ಕೈ ಜಾರಿದರೆ ಕೋಲು ಗಿರ್ರನೆ ತಿರುಗಿ ಮುಖಕ್ಕೆ ಬಡಿಯುತ್ತದೆ. ಚೌಕಟ್ಟಿನ ಗರಗಸದಲ್ಲಿ ಅಲಗನ್ನು ಬಿಗಿಯಾಗಿ ಹಿಡಿದಿರುವುದೂ ಹೀಗೆ ತಿರುಚಿದ ಹುರಿಯೇ.

ಅದೇ ಹಗ್ಗಕ್ಕೆ ಇನ್ನೊಂದು ಕೆಲಸವಿದೆ. ಮರದ ಚೌಕಟ್ಟು ಸೊಟ್ಟಗಿದೆಯೇ ಎಂದು ನೋಡಲು ಒಂದು ಮೂಲೆಯಿಂದ ಎದುರು ಮೂಲೆಗೆ ಹುರಿ ಹಿಡಿದು ಗುರುತು ಮಾಡಿ, ಆಮೇಲೆ ಉಳಿದೆರಡು ಮೂಲೆಗಳಿಗೆ ಹಿಡಿಯಿರಿ. ಎದುರುಬದುರಿನ ಪಟ್ಟಿಗಳು ಸಮನಾಗಿದ್ದು ಈ ಎರಡು ಅಳತೆಗಳೂ ಒಂದೇ ಬಂದರೆ ಮೂಲೆಗಳು ನೆಟ್ಟಗಿವೆ. ಟೇಪು ಬೇಡ, ಇಂಚಿನ ಲೆಕ್ಕವೂ ಬೇಡ.

ಮೂಲೆಮಟ್ಟವೇ ಇಲ್ಲದಿದ್ದರೆ? ಎರಡು ಮಾರು ಅಂದರೆ ಹೆಚ್ಚುಕಡಿಮೆ ಹನ್ನೆರಡು ಅಡಿ. ಆ ಹುರಿಯನ್ನು 3, 4, 5 ಅಡಿಗೆ ಗುರುತು ಹಾಕಿ, ತುದಿಗಳನ್ನು ಕೂಡಿಸಿ, ಮೂರು ಗೂಟಗಳಿಗೆ ಎಳೆದು ಕಟ್ಟಿದರೆ 3 ಮತ್ತು 4 ಕೂಡುವ ಕಡೆ ನೆಟ್ಟನೆಯ ಮೂಲೆ ಬರುತ್ತದೆ. ಪಾಯ ಹಾಕುವ ಗಾರೆಯವರು ಇವತ್ತಿಗೂ ಮಾಡುವುದು ಇದನ್ನೇ. ಯಜ್ಞವೇದಿಕೆಗಳ ಅಳತೆ ಹೇಳುವ ಬೌಧಾಯನ ಶುಲ್ಬಸೂತ್ರದಲ್ಲಿ 3-4, 5-12, 8-15 ಮುಂತಾದ ಜೋಡಿಗಳು ಬರುತ್ತವೆ. ಶುಲ್ಬ ಅಂದರೆ ಹಗ್ಗವೇ. ಗುರುತಿಗೆ ಗಂಟು ಹಾಕಬೇಡಿ, ಗಂಟು ಉದ್ದವನ್ನು ನುಂಗುತ್ತದೆ; ಬಣ್ಣದ ದಾರ ಸುತ್ತಿ. ನೈಲಾನ್ ಹುರಿಯೂ ಬೇಡ, ಅದು ಎಳೆದಷ್ಟು ಹಿಗ್ಗುತ್ತದೆ. 3, 4 ಮೀಟರಿನ ಬದಿಗಳಿಗೆ 5 ಮೀಟರ್ ಇರಬೇಕಾದ ಕರ್ಣ ಬರೀ 2 ಸೆಂಟಿಮೀಟರ್ ಹಿಗ್ಗಿದರೂ ಮೂಲೆ ಅರ್ಧ ಡಿಗ್ರಿ ಸರಿಯುತ್ತದೆ. ನಾಲ್ಕು ಮೀಟರಿನ ಗೋಡೆಯ ಕೊನೆ ಮುಟ್ಟುವಾಗ ಅದು ಮೂರು ಸೆಂಟಿಮೀಟರಿಗೂ ಹೆಚ್ಚು.

ಬಾಗಿಲ ಚೌಕಟ್ಟು ನಿಲ್ಲಿಸುವಾಗ ತೂಕದ ಗುಂಡು ಸಿಗದಿದ್ದರೆ ದಾರಕ್ಕೆ ಒಂದು ಬೀಗ ಕಟ್ಟಿ ಇಳಿಬಿಡಿ. ಬೀಗದ ಆಕಾರ ಸೊಟ್ಟ ಎಂಬ ಚಿಂತೆ ಬೇಡ, ತೂಗುವ ವಸ್ತು ಯಾವುದಾದರೂ ದಾರ ನೆಟ್ಟಗೇ ನಿಲ್ಲುತ್ತದೆ. ಹಾಗಾಗಿ ನೋಡಬೇಕಾದ್ದು ದಾರವನ್ನು, ಬೀಗದ ತುದಿಯನ್ನಲ್ಲ. ಗಾಳಿಗೆ ತೂಗಾಡುತ್ತಿದ್ದರೆ ಬೀಗವನ್ನು ಒಂದು ಬಕೆಟ್ ನೀರಿನಲ್ಲಿ ಮುಳುಗಿಸಿ, ತೂಗಾಟ ಬೇಗ ನಿಲ್ಲುತ್ತದೆ. ದಾರಕ್ಕೂ ಚೌಕಟ್ಟಿಗೂ ನಡುವಿನ ಸಂದು ಮೇಲೆಷ್ಟೋ ಕೆಳಗೂ ಅಷ್ಟೇ ಇರಬೇಕು.

ಹುರಿ ತಿರುಗಿಸುವ ಕೆಲಸಕ್ಕೂ ಒದಗುತ್ತದೆ. ಕಮಾನಿನ ಹುರಿಯನ್ನು ಬೈರಿಗೆಯ ಹಿಡಿಗೆ ಒಂದು ಸುತ್ತು ಸುತ್ತಿ ಹಿಂದೆಮುಂದೆ ಎಳೆದರೆ ತೂತು ಕೊರೆಯುತ್ತದೆ. ಚನ್ನಪಟ್ಟಣದಲ್ಲಿ ಮರದ ಬೊಂಬೆ ಕಡೆಯುವ ಹಳೇ ಪದ್ಧತಿಯ ಚರಕಿ ತಿರುಗುತ್ತಿದ್ದದ್ದೂ ಕಮಾನಿನಿಂದಲೇ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಹತ್ತಿಕೊಳ್ಳುತ್ತದೆ.

ಹುರಿ ಸೋಲುವುದು ಒಂದು ಕಡೆ, ಮಟ್ಟ ನೋಡುವಾಗ. ಎಷ್ಟು ಬಿಗಿದರೂ ಅಡ್ಡ ಕಟ್ಟಿದ ಹುರಿ ನಡುವೆ ಸ್ವಲ್ಪ ಜೋಲುತ್ತದೆ, ಮೇಲಾಗಿ ಅದರ ಎರಡು ತುದಿ ಒಂದೇ ಎತ್ತರದಲ್ಲಿವೆ ಎಂದು ಅದು ಹೇಳಲಾರದು. ಅಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಪೈಪಿಗೆ ನೀರು ತುಂಬಿಸಿಕೊಳ್ಳಬೇಕು. ಗೋಡೆಯ ಎರಡು ಕೊನೆಯಲ್ಲಿ ಪೈಪಿನ ಎರಡು ತುದಿ ಹಿಡಿದರೆ ನೀರು ನಿಂತಲ್ಲಿಗೆ ಮಟ್ಟ. ಒಳಗೆ ಗಾಳಿಗುಳ್ಳೆ ಉಳಿದಿದ್ದರೆ ಲೆಕ್ಕ ತಪ್ಪುತ್ತದೆ, ಬೆರಳಿನಿಂದ ತಟ್ಟಿ ಹೊರಡಿಸಿ. ನಡೆದಾಡುವಾಗ ನೀರು ಚೆಲ್ಲದಿರಲೆಂದು ತುದಿಗೆ ಹೆಬ್ಬೆರಳು ಒತ್ತಿಕೊಂಡಿರುತ್ತೀರಲ್ಲ, ಗುರುತು ಹಾಕುವ ಮುಂಚೆ ಎರಡೂ ಕಡೆಯ ಹೆಬ್ಬೆರಳು ತೆಗೆದಿದೆಯೇ ಎಂದು ಕೂಗಿ ಕೇಳಿಕೊಳ್ಳಿ.